ಸೀಳು ಬಿಟ್ಟ ಕಾರ್ಬನ್ ದೋಟಿಗೆ ಎಪಾಕ್ಸಿ ಹಚ್ಚಬಹುದಾ?

ಪ್ರಶ್ನೆ: ಅಡಿಕೆ ಕೊನೆ ತೆಗೆಯುವ ನಮ್ಮ ಕಾರ್ಬನ್ ಫೈಬರ್ ದೋಟಿಯಲ್ಲಿ ಒಂದು ಪೈಪಿನ ತುದಿ, ಪೈಪುಗಳನ್ನು ಜೋಡಿಸುವ ಕ್ಲಾಂಪ್ ಕೂರುವ ಕಡೆ, ಉದ್ದಕ್ಕೆ ಸೀಳಿದೆ. ಹಾರ್ಡ್‌ವೇರ್ ಅಂಗಡಿಯ ಎಪಾಕ್ಸಿ ಅಂಟು ಹಚ್ಚಿದರೆ ನಿಲ್ಲುತ್ತದಾ? ಕಾರ್ಬನ್ ಬಟ್ಟೆ, ಎಪಾಕ್ಸಿ ತರಿಸಿ ಪೈಪನ್ನೇ ಮನೆಯಲ್ಲಿ ಮಾಡೋಣ ಅಂತ ಮಗ ಹೇಳುತ್ತಿದ್ದಾನೆ.
– ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ಬರೀ ಅಂಟು ಹಚ್ಚಿದರೆ ನಿಲ್ಲುವುದಿಲ್ಲ. ದೋಟಿ ಬಾಗಿದಾಗ ಭಾರ ತಡೆಯುವುದು ಕಾರ್ಬನ್ ಎಳೆಗಳು. ಒಂದೊಂದು ಎಳೆ 5ರಿಂದ 7 ಮೈಕ್ರಾನ್ ದಪ್ಪ. ಅವು ಕದಲದ ಹಾಗೆ ಹಿಡಿದು, ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಎಪಾಕ್ಸಿಯ ಕೆಲಸ. ಇಂಥ ಪೈಪಿನಲ್ಲಿ ಬಹುಪಾಲು ಎಳೆಗಳು ಉದ್ದಕ್ಕೆ ಇರುತ್ತವೆ, ಸುತ್ತಲೂ ಬಿಗಿ ಹಿಡಿಯುವವು ಕಡಿಮೆ, ಹಾಗಾಗಿ ಕ್ಲಾಂಪ್ ಜಾಸ್ತಿ ಬಿಗಿದರೆ ಪೈಪ್ ಅಮುಕಿ ಉದ್ದಕ್ಕೇ ಸೀಳುತ್ತದೆ.

ಇದಕ್ಕೆ ಸುತ್ತು ಹಾಕಬೇಕು. ಪೇಂಟ್ ಹೋಗುವ ತನಕ ಎಮರಿ ಪೇಪರಿನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಸೀಳಿನೊಳಗೆ ತೆಳು ಎಪಾಕ್ಸಿ ಇಳಿಸಿ. ಆಮೇಲೆ ಎಪಾಕ್ಸಿಯಲ್ಲಿ ನೆನೆಸಿದ ಕಾರ್ಬನ್ ಅಥವಾ ಗಾಜಿನ ಎಳೆಯನ್ನು ಪೈಪಿಗೆ ಅಡ್ಡಲಾಗಿ, ಸೀಳು ಮುಗಿದ ಮೇಲೂ ಒಂದೆರಡು ಇಂಚು ದಾಟಿ ಸುತ್ತಿ. ಅದರ ಮೇಲೆ ಎಲೆಕ್ಟ್ರಿಕ್ ಟೇಪನ್ನು ಅಂಟಿನ ಮೈ ಹೊರಗಿರುವ ಹಾಗೆ ಬಿಗಿಯಾಗಿ ಸುತ್ತಿ ಸೂಜಿಯಿಂದ ತೂತು ಮಾಡಿದರೆ ಹೆಚ್ಚಿನ ಎಪಾಕ್ಸಿ ಹೊರಗೆ ಬರುತ್ತದೆ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಬೇಡ, ಅದು ಮಂದ, ಎಳೆಗಳ ನಡುವೆ ಇಳಿಯುವುದಿಲ್ಲ. ಎಳೆ ನೆನೆಸಲು ಬರುವ ತೆಳು ಎಪಾಕ್ಸಿ ಬೇಕು, ಲ್ಯಾಮಿನೇಟಿಂಗ್ ಎಪಾಕ್ಸಿ ಅಂತಲೇ ಕೇಳಿ. ಕೊನೆಗೆ ನಾಣ್ಯದಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಡಬ್ ಅನ್ನುತ್ತದೆ. ಎಳೆಗಳೇ ಅಡ್ಡಕ್ಕೆ ತುಂಡಾಗಿದ್ದರೆ ರಿಪೇರಿಗೆ ಹೋಗಬೇಡಿ, ಆ ಪೈಪ್ ಬದಲಾಯಿಸಿ.

ಪೂರ್ತಿ ಪೈಪ್ ಮನೆಯಲ್ಲಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಫ್ಯಾಕ್ಟರಿಯಲ್ಲಿ ಎಪಾಕ್ಸಿ ಮೊದಲೇ ಹೀರಿಸಿದ ಹಾಳೆಗಳನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಅದನ್ನು ಉಕ್ಕಿನ ಸರಳಿಗೆ ಸುತ್ತಿ, ಬಿಸಿಗೆ ಕುಗ್ಗುವ ಟೇಪ್ ಬಿಗಿದು, ಓವನ್‌ನಲ್ಲಿ ಬೇಯಿಸುತ್ತಾರೆ. ಒಳ್ಳೆಯ ಪೈಪಿನ ಗಾತ್ರದಲ್ಲಿ ಸುಮಾರು 60% ಎಳೆಗಳೇ ಇರುತ್ತವೆ, ಬ್ರಷ್ ಹಿಡಿದು ಕೈಯಲ್ಲಿ ಮಾಡಿದರೆ 40% ಆಸುಪಾಸು. ಹೆಚ್ಚಾದ ಎಪಾಕ್ಸಿ ಸುಮ್ನೆ ಭಾರ. ಇನ್ನೊಂದು ತೊಂದರೆ ಬಿಸಿಲು: ಬಿಸಿ ಕೊಡದೆ ಗಟ್ಟಿಯಾದ ಎಪಾಕ್ಸಿ ಎಷ್ಟೋ ಸಲ 50-60 ಡಿಗ್ರಿಗೇ ಮೆತ್ತಗಾಗತೊಡಗುತ್ತದೆ, ಕಪ್ಪು ಪೈಪ್ ಬಿಸಿಲಲ್ಲಿ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಆದರೆ ಮಗನನ್ನು ತಡೆಯಬೇಡಿ, ಕತ್ತಿಯ ಹಿಡಿ, ಸಣ್ಣ ಮುಚ್ಚಳ ಮಾಡಿ ಕೈ ಪಳಗಿಸಿಕೊಳ್ಳಲಿ. ಗ್ಲೌಸ್ ಇಲ್ಲದೆ ಎಪಾಕ್ಸಿ ಮುಟ್ಟಬಾರದು, ಒಮ್ಮೆ ಅಲರ್ಜಿ ಶುರುವಾದರೆ ಬಿಡುವುದೇ ಕಷ್ಟ. ಉಜ್ಜುವಾಗ ಮಾಸ್ಕ್ ಇರಲಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ, ಮೇಲಿನ ಪೇಂಟ್, ಎಪಾಕ್ಸಿ ನಂಬುವಂಥದ್ದಲ್ಲ. ತೋಟದ ಮೇಲೆ 11 ಕೆವಿ ತಂತಿ ಹೋಗಿದ್ದರೆ, ದೋಟಿ ವಾಲಿದರೂ ತಾಗದಷ್ಟು ದೂರದಲ್ಲಿ ಮಾತ್ರ ಕೆಲಸ ಮಾಡಿ. ಅದರ ಹತ್ತಿರದ ಮರಗಳಿಗೆ ಮೆಸ್ಕಾಂ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ದೋಟಿ ಎತ್ತಿ. ಕೊಳೆ ರೋಗಕ್ಕೆ ದೋಟಿಯಿಂದ ಬೋರ್ಡೋ ದ್ರಾವಣ ಹೊಡೆಯುವಾಗಲೂ ಅಷ್ಟೇ.

ಪ್ರಶ್ನೆ: ಕಾಲೇಜ್ ಪ್ರಾಜೆಕ್ಟಿಗೆ ಕಾರ್ಬನ್ ಶೀಟ್ ಮಾಡಿದೆವು. ಬೇಗ ಗಟ್ಟಿಯಾಗಲಿ ಅಂತ ಎಪಾಕ್ಸಿಗೆ ಬೆರೆಸುವ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿದ್ದೆವು. ಇನ್ನೂ ಜಿಗುಟಾಗಿದೆ, ಹೊರಗೆ ಮಳೆ. ಏನು ಮಾಡುವುದು?
– ವಿದ್ಯಾರ್ಥಿನಿ, ಹಾಸನ

ಉತ್ತರ: ಹಾರ್ಡನರ್ ಜಾಸ್ತಿಯಾದರೆ ಬೇಗ ಗಟ್ಟಿಯಾಗುವುದಿಲ್ಲಮ್ಮ. ಎಪಾಕ್ಸಿ ಮತ್ತು ಹಾರ್ಡನರ್ ಲೆಕ್ಕಕ್ಕೆ ಸರಿಯಾಗಿ ಕೂಡಿಕೊಳ್ಳಬೇಕು, ಮಿಕ್ಕ ಹಾರ್ಡನರ್ ಒಳಗೇ ಉಳಿದು ಶೀಟ್ ಮೆತ್ತಗಾಗುತ್ತದೆ. ಕಾಲೇಜುಗಳಲ್ಲಿ ಬಳಸುವ ಎಲ್‌ವೈ 556 ಅನ್ನುವ ಎಪಾಕ್ಸಿಗೆ ಎಚ್‌ವೈ 951 ಅನ್ನುವ ಹಾರ್ಡನರ್ ಸಾಮಾನ್ಯವಾಗಿ 100 ಗ್ರಾಂಗೆ 10 ಗ್ರಾಂ. ಅಂದಾಜು ಬೇಡ, ತಕ್ಕಡಿಯಲ್ಲೇ ತೂಗಿ. ಮಳೆಗಾಲದಲ್ಲಿ ಗಾಳಿಯ ತೇವ ತಗುಲಿಯೂ ಮೇಲೆ ಎಣ್ಣೆಯಂಥ ಪೊರೆ ಬರುತ್ತದೆ. ಮೊದಲು ಉಗುರು ಒತ್ತಿ ನೋಡಿ. ಉಗುರು ಇಳಿದರೆ ಶೀಟ್ ಕೆಟ್ಟಿದೆ, ಹೊಸದು ಮಾಡಿ. ಇಳಿಯದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ. ಪೊರೆ ತೆಗೆಯದೆ ಮುಂದಿನ ಪದರ ಹಾಕಿದರೆ ಅದು ಎದ್ದು ಬರುತ್ತದೆ.