ಗಾಲ್ಫ್ ಹುಲ್ಲಿಗೂ ಜಂತುಹುಳು ಕಾಟ

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಿನ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ನನ್ನದು. ಗ್ರೀನ್‌ನಲ್ಲಿ, ಅಂದರೆ ಚೆಂಡು ಬೀಳಿಸುವ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಜಾಗದಲ್ಲಿ, ಬರ್ಮುಡಾ ಹುಲ್ಲು ಅಲ್ಲಲ್ಲಿ ಹಳದಿಯಾಗಿ ತೆಳುವಾಗಿದೆ. ಎಷ್ಟು ನೀರು ಬಿಟ್ಟರೂ ಮಧ್ಯಾಹ್ನ ಬಾಡುತ್ತೆ. ಯೂರಿಯಾ ಹಾಕಿದೆವು, ಬೂಷ್ಟಿನ ಔಷಧಿ ಹೊಡೆದೆವು, ಪ್ರಯೋಜನ ಆಗಲಿಲ್ಲ. ಪರಿಚಯದ ಟೊಮೆಟೊ ಬೆಳೆಗಾರರು ಫೋರೇಟ್ ಎಂಬ ಕೀಟನಾಶಕ ಹಾಕಿ ಅಂತಾರೆ. ಹಾಕಬಹುದಾ ಸರ್?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಫೋರೇಟ್ ಬೇಡವೇ ಬೇಡ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಹಳೇ ಸ್ಟಾಕ್ ಯಾರಾದರೂ ಕೊಟ್ಟರೂ ತಗೋಬೇಡಿ, ಆ ಹುಲ್ಲಿನ ಮೇಲೆ ದಿನವಿಡೀ ಕೂತು ಕಳೆ ಕೀಳುವವರು ನಿಮ್ಮ ಜೊತೆಯವರೇ ಅಲ್ವಾ.

ನನ್ನ ಅನುಮಾನ ಜಂತುಹುಳುಗಳ ಮೇಲೆ, ಅಂದರೆ ನೆಮಟೋಡ್. ಕಣ್ಣಿಗೆ ಕಾಣದಷ್ಟು ಸಣ್ಣವು, ಸೂಜಿಯಂಥ ಬಾಯಿಂದ ಬೇರು ಚುಚ್ಚಿ ರಸ ಹೀರುತ್ತವೆ. ಗ್ರೀನ್ ಕಟ್ಟುವುದೇ ಮರಳಿನಲ್ಲಿ, ಮರಳಲ್ಲಿ ಇವು ಸಲೀಸಾಗಿ ಓಡಾಡುತ್ತವೆ, ಅದರ ಮೇಲೆ ನಾವು ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರ್‌ಗೆ ಕತ್ತರಿಸಿ ಬೇರಿಗೆ ಆಹಾರ ಕಳಿಸುವ ಎಲೆಯನ್ನೇ ಉಳಿಸುವುದಿಲ್ಲ. ಯೂರಿಯಾ ಜಾಸ್ತಿ ಹಾಕಿದರೆ ಎಲೆ ಚಿಗುರುತ್ತೆ, ಬೇರು ಮಾತ್ರ ಅಲ್ಲೇ ಇರುತ್ತೆ.

ಹಳದಿ ಜಾಗದ ಅಂಚಿನಲ್ಲಿ ಚಾಕುವಿನಿಂದ ಒಂದು ತುಂಡು ಹುಲ್ಲು ಮಣ್ಣು ಸಮೇತ ಕೊಯ್ದು ಬಕೆಟ್ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಒಳ್ಳೆ ಬೇರು ಬೆಳ್ಳಗೆ ಉದ್ದವಾಗಿರುತ್ತೆ. ಹುಳು ಬಿದ್ದ ಬೇರು ಮೋಟಾಗಿ, ಕಂದು ತಿರುಗಿ, ಕವಲೇ ಇಲ್ಲದೆ ಇರುತ್ತೆ. ಟೊಮೆಟೊ ಬೇರಿನಲ್ಲಿ ಕಾಣುವ ದಪ್ಪ ಗಂಟು ಇಲ್ಲಿ ಹುಡುಕಬೇಡಿ. ಹುಲ್ಲಿನಲ್ಲಿ ಗಂಟು ಬಂದರೂ ತೀರಾ ಸಣ್ಣದು, ಎಷ್ಟೋ ಜಾತಿಯ ಹುಳುಗಳು ಗಂಟು ಕಟ್ಟುವುದೇ ಇಲ್ಲ.

ಬೇರು ನೋಡಿದರೆ ಅನುಮಾನ ಬಲವಾಗುತ್ತೆ ಅಷ್ಟೇ, ಖಾತ್ರಿಗೆ ಮಣ್ಣು ಪರೀಕ್ಷೆಯೇ ಆಗಬೇಕು. ಪೂರ್ತಿ ಸತ್ತ ಜಾಗದ ಮಣ್ಣು ತೆಗೀಬೇಡಿ, ತಿನ್ನಲು ಬೇರಿಲ್ಲದ ಕಡೆ ಹುಳುವೂ ಕಡಿಮೆ. ಅಂಚಿನ 15–20 ಕಡೆ ನಾಲ್ಕು ಇಂಚು ಆಳದ ಮಣ್ಣು ಬೇರು ಸಮೇತ ಸೇರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಚೆನ್ನಾಗಿರುವ ಜಾಗದ್ದು ಬೇರೆ ಚೀಲ. ಬಿಸಿಲಿಗೆ ಇಡಬೇಡಿ, ಹುಳು ಸತ್ತರೆ ಲೆಕ್ಕ ಸಿಗಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ವಿಚಾರಿಸಿ, ಯಾವ ಜಾತಿ, ಎಷ್ಟಿವೆ ಅಂತ ಎರಡನ್ನೂ ಕೇಳಿ. ಔಷಧಿ ಬೇಕಾ, ಯಾವುದು ಅನ್ನೋದು ಆಮೇಲಿನ ಮಾತು.

ಅಲ್ಲಿಯವರೆಗೆ ಕತ್ತರಿಸುವ ಎತ್ತರ ಸ್ವಲ್ಪ ಏರಿಸಿ. ಆಟದವರು ಗೊಣಗಬಹುದು, ಮ್ಯಾನೇಜರ್‌ಗೆ ಮೊದಲೇ ಹೇಳಿಡಿ. ಗೊಬ್ಬರ ಕೊಂಚ ಕೊಂಚ ಕೊಡಿ, ಸುಡು ಮಧ್ಯಾಹ್ನ ತೆಳ್ಳಗೆ ನೀರು ಚಿಮುಕಿಸಿ. ಹುಳುವಿನ ಮೊಟ್ಟೆ ತಿನ್ನುವ ಪರ್ಪ್ಯೂರಿಯೊಸಿಲಿಯಂ ಎಂಬ ಜೈವಿಕ ಶಿಲೀಂಧ್ರ ಸಿಗುತ್ತೆ, ಹುಳು ತಗ್ಗಿಸಲು ನೆರವಾಗಬಹುದು, ಪೂರ್ತಿ ಹೋಗಲಾಡಿಸುವುದಿಲ್ಲ. ಒಂದು ಗ್ರೀನ್‌ನಲ್ಲಿ ಬಳಸಿದ ಸಲಕರಣೆಯನ್ನು ಮಣ್ಣು ಹೋಗುವಂತೆ ತೊಳೆಯದೆ ಇನ್ನೊಂದಕ್ಕೆ ಒಯ್ಯಬೇಡಿ.