ಅಂಕಿ ಇದೆ, ಅಳತೆ ಎಲ್ಲಿ?

ನಮಸ್ಕಾರ. ‘ಮರ ಎಷ್ಟು ಉಸಿರು ಕೊಡುತ್ತದೆ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಕೊನೆಯ ಪುಟದಲ್ಲಿ, ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡ ದೀಪದ ಬೆಳಕಿನಲ್ಲಿ ಬಿಡುವ ಗುಳ್ಳೆ ಎಣಿಸಿದ್ದನ್ನು ನಾಲ್ಕೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಇಡೀ ಲೇಖನಕ್ಕೆ ಜೀವ ಇರುವುದು ಅಲ್ಲಿ.

ಮೊದಲು ತಕರಾರು. ‘ಒಂದು ದೊಡ್ಡ ಮರ ನಾಲ್ಕು ಜನರಿಗೆ ಸಾಕಾಗುವಷ್ಟು ಆಮ್ಲಜನಕ ಕೊಡುತ್ತದೆ’ ಎಂದು ಶುರು ಮಾಡಿದ್ದೀರಿ. ಯಾವ ಮರ? ಎಷ್ಟು ವಯಸ್ಸಿನದು? ಅಳೆದದ್ದು ಹೇಗೆ? ಓದುಗರು ಇದನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಲೇಖನದಲ್ಲಿಲ್ಲ. ಇಡೀ ಮರ ಬಿಡುವ ಆಮ್ಲಜನಕವನ್ನು ನೇರವಾಗಿ ಹಿಡಿದು ಅಳೆಯುವುದು ತುಂಬಾ ಕಷ್ಟ. ಹಾಗಾಗಿ ಸಾಮಾನ್ಯವಾಗಿ ಮರ ಎಷ್ಟು ಬೆಳೆಯಿತು ಎಂದು ನೋಡಿ ಲೆಕ್ಕ ಹಾಕುತ್ತಾರೆ.

ಆ ಲೆಕ್ಕ ನೀವೇ ಮಾಡಬಹುದಿತ್ತು. ಮರದೊಳಗೆ 1 ಕಿಲೋ ಇಂಗಾಲ ಸೇರಿದರೆ ಸುಮಾರು 2.67 ಕಿಲೋ ಆಮ್ಲಜನಕ ಹೊರಬಂದಿರುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಇಂಗಾಲ. ಅಂದರೆ 1 ಕಿಲೋ ಒಣತೂಕ ಬೆಳೆದರೆ ಸುಮಾರು 1.3 ಕಿಲೋ ಆಮ್ಲಜನಕ. ಒಬ್ಬ ಮನುಷ್ಯ ದಿನಕ್ಕೆ ಬಳಸುವುದು ಸುಮಾರು 0.84 ಕಿಲೋ, ವರ್ಷಕ್ಕೆ 300 ಕಿಲೋ. ಅಷ್ಟು ಬರಬೇಕಾದರೆ ಮರ ವರ್ಷಕ್ಕೆ ಸುಮಾರು 230 ಕಿಲೋ ಒಣತೂಕ ಕೂಡಿಸಿಕೊಳ್ಳಬೇಕು. ನಾಲ್ಕು ಜನರಿಗೆ ಅಂದರೆ 900 ಕಿಲೋಗೂ ಜಾಸ್ತಿ. ಒಂದೇ ಮರ, ಅದೂ ಪ್ರತಿ ವರ್ಷ! ಈ ಗುಣಾಕಾರವನ್ನು ಕಾಗದದ ಮೇಲೆ ಮಾಡಿದ್ದರೆ ಆ ಸಾಲನ್ನು ನೀವೇ ಹೊಡೆದು ಹಾಕುತ್ತಿದ್ದಿರಿ.

ಇನ್ನೊಂದು ದೊಡ್ಡ ತೊಡಕಿದೆ. ಎಲೆ ತಯಾರಿಸುವ ಆಮ್ಲಜನಕವನ್ನೂ ಮರ ಗಾಳಿಗೆ ಉಳಿಸಿಕೊಡುವ ಆಮ್ಲಜನಕವನ್ನೂ ಒಂದೇ ಎಂಬಂತೆ ಬರೆದಿದ್ದೀರಿ. ಸಂಪಾದನೆ ಬೇರೆ, ಉಳಿತಾಯ ಬೇರೆ ಅಲ್ವಾ? ಬೇರು, ಕಾಂಡ, ಎಲೆ ಎಲ್ಲವೂ ಹಗಲು ರಾತ್ರಿ ಉಸಿರಾಡುತ್ತವೆ. ಉದುರಿದ ಎಲೆ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಅದಕ್ಕೇ ಬಲಿತ ಕಾಡಿನ ಉಳಿತಾಯ ಸೊನ್ನೆಯ ಹತ್ತಿರ ಬರುತ್ತದೆ. ಅಮೆಜಾನ್ ಕಾಡು ಜಗತ್ತಿಗೆ ಶೇ 20ರಷ್ಟು ಆಮ್ಲಜನಕ ಕೊಡುತ್ತದೆ ಎಂಬ ನಿಮ್ಮ ಸಾಲನ್ನು ಈ ಕಾರಣಕ್ಕೇ ತೆಗೆಯಿರಿ. ಕಾಡು ಉಳಿಸಿಕೊಳ್ಳಲು ನಿಜವಾದ ಕಾರಣಗಳು ಬೇಕಾದಷ್ಟಿವೆ, ತಪ್ಪು ಅಂಕಿಯ ಆಸರೆ ಅದಕ್ಕೆ ಬೇಡ.

ಸಣ್ಣ ತಿದ್ದುಪಡಿಗಳು: ಹೊರಬರುವ ಆಮ್ಲಜನಕ ನೀರಿನದು, ಇಂಗಾಲದ ಡೈಆಕ್ಸೈಡಿನದಲ್ಲ. ಇದನ್ನು 1941ರಲ್ಲೇ ವಿಜ್ಞಾನಿಗಳಾದ ರೂಬೆನ್, ಕೇಮೆನ್ ಮತ್ತು ಜೊತೆಗಾರರು ಭಾರದ ಆಮ್ಲಜನಕ (ಮಾಮೂಲಿಗಿಂತ ತೂಕದ ಆಮ್ಲಜನಕದ ಪರಮಾಣು) ಬಳಸಿ ತೋರಿಸಿದರು. ರಾತ್ರಿ ಹೊತ್ತು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವ ಗಿಡಗಳಿವೆ, ನಿಜ. ಆದರೆ ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು.

ಈಗ ನಿಮ್ಮ ಗುಳ್ಳೆಗಳು. ಲೇಖನ ಅಲ್ಲಿಂದ ಶುರುವಾಗಲಿ. 1779ರಲ್ಲಿ ಡಚ್ ವಿಜ್ಞಾನಿ ಯಾನ್ ಇಂಗೆನ್‌ಹೌಸ್ ನೀರಿನಲ್ಲಿ ಮುಳುಗಿಸಿದ ಎಲೆಗಳ ಮೇಲೆ ಇಂಥವೇ ಗುಳ್ಳೆ ನೋಡಿದ್ದರು. ಬಿಸಿಲಿದ್ದರೆ ಮಾತ್ರ, ಹಸಿರು ಭಾಗದಿಂದ ಮಾತ್ರ ಒಳ್ಳೆಯ ಗಾಳಿ (ಅಂದರೆ ಆಮ್ಲಜನಕ) ಬರುತ್ತದೆ ಎಂದು ಕಂಡುಕೊಂಡರು. ಗಿಡ ಕೆಟ್ಟ ಗಾಳಿಯನ್ನು ಸರಿಮಾಡುತ್ತದೆ ಎಂದು ಅವರಿಗಿಂತ ಮೊದಲೇ ತೋರಿಸಿದ ಪ್ರೀಸ್ಟ್ಲಿಗೆ ನೀವು ಎರಡು ಪುಟ ಕೊಟ್ಟಿದ್ದೀರಿ, ಇಂಗೆನ್‌ಹೌಸ್ ಹೆಸರೇ ಇಲ್ಲ!

‘ದೀಪ ದೂರ ಸರಿಸಿದೆ, ಗುಳ್ಳೆ ಕಡಿಮೆಯಾಯಿತು’ ಎಂದಷ್ಟೇ ಬರೆದರೆ ಸಾಲದು. ಎಷ್ಟು ದೂರ? ಸರಿಸಿದ ಮೇಲೆ ಕೆಲವು ನಿಮಿಷ ಕಾದು ಎಣಿಸಿದಿರಾ? ದೀಪದ ಬಿಸಿಗೆ ನೀರು ಕಾದಿತ್ತೇ? ನೀರು ಕಾದರೆ ಅದರಲ್ಲಿ ಕರಗಿದ್ದ ಗಾಳಿಯೂ ಗುಳ್ಳೆಯಾಗಿ ಏಳುತ್ತದೆ. ನಡುವೆ ನೀರು ತುಂಬಿದ ಗಾಜಿನ ಪಾತ್ರೆ ಇಟ್ಟರೆ ಬಿಸಿ ತಡೆಯಬಹುದು. ಕತ್ತರಿಸಿದ ಕಾಂಡದ ತುದಿಯನ್ನು ಹತ್ತಿರದಿಂದ ನೋಡಿ. ಒಂದು ಗುಳ್ಳೆ ಸಾಸಿವೆಗಿಂತ ಚಿಕ್ಕದು, ಮುಂದಿನದು ಅದರ ಎರಡರಷ್ಟು. ಎಣಿಕೆ ಒಂದೇ ಬಂದರೂ ಅನಿಲ ಒಂದೇ ಅಲ್ಲ. ಆ ಗುಳ್ಳೆ ಪೂರ್ತಿ ಆಮ್ಲಜನಕವೂ ಅಲ್ಲ, ಸಾರಜನಕವೂ ಸೇರಿರುತ್ತದೆ. ಸ್ವಲ್ಪ ಆಮ್ಲಜನಕ ನೀರಿನಲ್ಲೇ ಕರಗಿ ಎಣಿಕೆಗೆ ಸಿಗುವುದೇ ಇಲ್ಲ.

ಹಾಗಾಗಿ ಎಣಿಸುವ ಬದಲು ಗುಳ್ಳೆಗಳನ್ನು ಗೆರೆ ಹಾಕಿದ ಸಣ್ಣ ಕೊಳವೆಯಲ್ಲಿ ಹಿಡಿದು ಅನಿಲದ ಗಾತ್ರ ಅಳೆಯಿರಿ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಇಂಗಾಲದ ಡೈಆಕ್ಸೈಡ್ ಕೊರತೆಯಾಗದು. ಪಕ್ಕದಲ್ಲಿ ಗಿಡವಿಲ್ಲದ ಇನ್ನೊಂದು ಕೊಳವೆಯನ್ನೂ ಇಡಿ.

ಇಷ್ಟು ಮಾಡಿ ಮತ್ತೆ ಬರೆಯಿರಿ. ನಿಮ್ಮ ಅಳತೆಯ ಪಟ್ಟಿಯನ್ನೂ ಜೊತೆಗೆ ಕಳಿಸಿ. ನಿರೀಕ್ಷೆಗೆ ಹೊಂದದ ಅಂಕಿಗಳಿದ್ದರೆ ಅಳಿಸಬೇಡಿ, ಅವು ಯಾಕೆ ಹಾಗೆ ಬಂದಿರಬಹುದು ಎಂಬುದಕ್ಕೆ ಒಂದು ಪ್ಯಾರಾ ಜಾಗ ಕೊಡುತ್ತೇನೆ.