ಓದುಗರ ಪ್ರಶ್ನೆ: ಸೂಟ್‌ಕೇಸ್ ಜೊತೆ ರೈಲು ಬದಲಿಸಬೇಕು, ಮೆಟ್ಟಿಲು ಬೇಡ

ದೊಡ್ಡ ನಗರಗಳ ಮೆಟ್ರೋದಲ್ಲಿ ಲಗೇಜು ಸಮೇತ ಲೈನು ಬದಲಿಸುವುದರ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಮಂಡಿನೋವಿನವರು, ಮಗುವಿನ ಗಾಡಿ ತಳ್ಳುವವರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಪ್ರಶ್ನೆ: ವಿಮಾನ ನಿಲ್ದಾಣದಿಂದ ಊರೊಳಗೆ ಹೋಗಲು ಆ್ಯಪ್ ಎರಡು ಮೂರು ದಾರಿ ತೋರಿಸುತ್ತದೆ. ಬೇಗ ತಲುಪಿಸುವುದನ್ನೇ ಹಿಡಿಯಬಹುದಲ್ಲವೇ? ನಮ್ಮಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಇರುತ್ತವೆ.

ಉತ್ತರ: ಹಿಡಿಯಬೇಡಿ. ಆ್ಯಪ್ ಹಾಕುವ ಲೆಕ್ಕ ಕೈಬೀಸಿಕೊಂಡು ನಡೆಯುವವರದು. ಅದು ಹೇಳುವ ನಾಲ್ಕು ನಿಮಿಷದೊಳಗೆ ಮೂವತ್ತು ಮೆಟ್ಟಿಲು ಹತ್ತಿ ಇಪ್ಪತ್ತು ಇಳಿಯುವುದೂ ಸೇರಿರಬಹುದು. ನೀವು ಎಣಿಸಬೇಕಾದ್ದು ಎಷ್ಟು ರೈಲು ಬದಲಿಸುತ್ತೀರಿ ಎಂದಲ್ಲ, ಎಷ್ಟು ಸಲ ಮೇಲೆ ಕೆಳಗೆ ಓಡಾಡುತ್ತೀರಿ ಎಂದು. ಇಳಿದ ಪ್ಲಾಟ್‌ಫಾರಂನಲ್ಲೇ ಎದುರು ಬದಿಗೆ ಬರುವ ಇನ್ನೊಂದು ರೈಲು ಹತ್ತುವಂತಿದ್ದರೆ ಅಂಥ ಎರಡು ಬದಲಾವಣೆ ಕೂಡ ಹಗುರ. ನಾಲ್ಕು ಲಿಫ್ಟ್ ಹುಡುಕಿಸುವ ಒಂದೇ ಬದಲಾವಣೆ ಅದಕ್ಕಿಂತ ಭಾರ.

ಲಂಡನ್ನಿನ ಒಂದು ಉದಾಹರಣೆ ನೋಡಿ. ಹೀಥ್ರೋ ವಿಮಾನ ನಿಲ್ದಾಣದಿಂದ ಪಿಕಡಿಲಿ ಲೈನಿನಲ್ಲಿ ಹೊರಟು ವಿಕ್ಟೋರಿಯಾ ನಿಲ್ದಾಣಕ್ಕೆ ಹೋಗಬೇಕು. ಗ್ರೀನ್ ಪಾರ್ಕಿನಲ್ಲಿ ಬದಲಿಸಿದರೆ ಲಿಫ್ಟ್ ಸಿಗುತ್ತದೆ, ಆದರೆ ಉದ್ದನೆಯ ಸುರಂಗದಾರಿಯಲ್ಲಿ ಲಗೇಜು ಎಳೆಯಬೇಕು. ಅದಕ್ಕೆ ಬದಲು ಮೊದಲೇ ಬರುವ ಬ್ಯಾರನ್ಸ್ ಕೋರ್ಟ್‌ನಲ್ಲಿ ಇಳಿದರೆ ಅದೇ ಪ್ಲಾಟ್‌ಫಾರಂನ ಇನ್ನೊಂದು ಅಂಚಿಗೆ ಡಿಸ್ಟ್ರಿಕ್ಟ್ ಲೈನಿನ ರೈಲು ಬರುತ್ತದೆ, ಅದು ನೇರ ವಿಕ್ಟೋರಿಯಾಕ್ಕೆ ಹೋಗುತ್ತದೆ. ಬ್ಯಾರನ್ಸ್ ಕೋರ್ಟ್‌ನಲ್ಲಿ ರಸ್ತೆಗೆ ಲಿಫ್ಟ್ ಇಲ್ಲ, ಹಾಗಾಗಿ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತೂ ಇಲ್ಲ. ನಿಮಗೆ ರಸ್ತೆಗೆ ಹೋಗುವ ಕೆಲಸವೇ ಇಲ್ಲವಲ್ಲ! ಗುರುತು ನೋಡಿ ಮಾತ್ರ ದಾರಿ ಆರಿಸುವವರಿಗೆ ಇಂಥ ಅನುಕೂಲ ಕೈತಪ್ಪುತ್ತದೆ. ಎರಡೂ ಲೈನಿನ ರೈಲುಗಳ ನೆಲ ಒಂದೇ ಎತ್ತರದಲ್ಲಿಲ್ಲ. ಹತ್ತುವಾಗ ಇಳಿಯುವಾಗ ಸೂಟ್‌ಕೇಸನ್ನು ತುಸು ಎತ್ತಬೇಕಾಗುತ್ತದೆ, ಅಷ್ಟೆ.

ಒಂದೇ ಪ್ಲಾಟ್‌ಫಾರಂ ಎಂದಾಕ್ಷಣ ಹಿಗ್ಗಬೇಡಿ, ದಿಕ್ಕು ನೋಡಿಕೊಳ್ಳಿ. ಲಂಡನ್ನಿನದೇ ಯೂಸ್ಟನ್‌ನಲ್ಲಿ ವಿಕ್ಟೋರಿಯಾ ಲೈನಿನ ಉತ್ತರದ ರೈಲಿಗೆ ಎದುರಾಗಿ ನಿಲ್ಲುವುದು ನಾರ್ದರ್ನ್ ಲೈನಿನಲ್ಲಿ 'ಬ್ಯಾಂಕ್' ಎಂಬ ನಿಲ್ದಾಣದ ಮೂಲಕ ಹೋಗುವ ಕವಲಿನ ದಕ್ಷಿಣದ ರೈಲು. ಬ್ಯಾಂಕ್ ಕಡೆಗೆ ಹೋಗುವವರಿಗೆ ಅದು ಉಪಯೋಗ, ನಾರ್ದರ್ನ್ ಲೈನಿನಲ್ಲಿ ಉತ್ತರಕ್ಕೆ ಹೋಗಬೇಕಾದವರಿಗಲ್ಲ.

ಪ್ರಶ್ನೆ: ನಕ್ಷೆಯಲ್ಲಿ ಗಾಲಿಕುರ್ಚಿಯ ಚಿತ್ರ ಇದ್ದರೆ ಪೂರ್ತಿ ಮೆಟ್ಟಿಲಿಲ್ಲದ ದಾರಿ ಎಂದು ನಂಬಬಹುದೇ?

ಉತ್ತರ: ನಂಬುವ ಮೊದಲು ಮೂರು ಸಂಗತಿ ನೋಡಿ.

ಮೊದಲನೆಯದು, ಎಲ್ಲಿಂದ ಎಲ್ಲಿಯವರೆಗೆ. ಲಂಡನ್ ನಕ್ಷೆಯಲ್ಲಿ ನೀಲಿ ವೃತ್ತದೊಳಗೆ ಬಿಳಿ ಗಾಲಿಕುರ್ಚಿ ಇದ್ದರೆ ರಸ್ತೆಯಿಂದ ರೈಲಿನೊಳಗಿನವರೆಗೂ ಮೆಟ್ಟಿಲಿಲ್ಲ. ಬಿಳಿ ವೃತ್ತದೊಳಗೆ ನೀಲಿ ಗಾಲಿಕುರ್ಚಿ ಇದ್ದರೆ ಪ್ಲಾಟ್‌ಫಾರಂವರೆಗೆ ಮಾತ್ರ. ಅಲ್ಲಿಂದ ರೈಲಿಗೆ ಏರುತಗ್ಗೋ ಸಂದೋ ಇರುತ್ತದೆ. 2022ರ ಮೇ ತಿಂಗಳಲ್ಲಿ ಶುರುವಾದ ಎಲಿಜಬೆತ್ ಲೈನಿನ 41 ನಿಲ್ದಾಣಗಳಲ್ಲೂ ಪ್ಲಾಟ್‌ಫಾರಂವರೆಗೆ ಮೆಟ್ಟಿಲಿಲ್ಲದ ದಾರಿ ಇದೆ. ಆದರೆ ರೈಲಿನ ನೆಲವೂ ಪ್ಲಾಟ್‌ಫಾರಮ್ಮೂ ಸಮಮಟ್ಟದಲ್ಲಿರುವುದು ನಗರದ ನಡುಭಾಗದ ಹೊಸ ನಿಲ್ದಾಣಗಳಂಥ ಕೆಲವು ಕಡೆ ಮಾತ್ರ.

ಎರಡನೆಯದು, ಯಾವ ಲೈನಿಗೆ. ದೊಡ್ಡ ಜಂಕ್ಷನ್ನಿನಲ್ಲಿ ಒಂದು ಲೈನಿಗೆ ಲಿಫ್ಟ್ ಇದ್ದು ಪಕ್ಕದ ಲೈನಿಗೆ ಇಲ್ಲದಿರುವುದು ತೀರಾ ಸಾಮಾನ್ಯ. ಪ್ಯಾರಿಸ್ಸಿನ 14ನೇ ಲೈನು 1998ರಲ್ಲಿ ಶುರುವಾದದ್ದು, ಅದರ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. 2024ರಿಂದ ಅದು ಓರ್ಲಿ ವಿಮಾನ ನಿಲ್ದಾಣಕ್ಕೂ ಹೋಗುತ್ತದೆ. ಆದರೆ ಅದರಿಂದಿಳಿದು 1900ರಿಂದೀಚೆಗೆ ಕಟ್ಟಿದ ಹಳೆಯ ಲೈನಿಗೆ ಹೋಗಬೇಕೆಂದರೆ ಬಹುಪಾಲು ಮೆಟ್ಟಿಲೇ ಗತಿ. ಅಲ್ಲಿ ಮಾಡಬೇಕಾದ್ದು ಇಷ್ಟು: 14ನೇ ಲೈನಿನಲ್ಲಿ ನಿಮ್ಮ ಜಾಗಕ್ಕೆ ಆದಷ್ಟು ಹತ್ತಿರ ಬಂದು, ಲಿಫ್ಟ್ ಹಿಡಿದು ಮೇಲೆ ಬಂದು, ಉಳಿದ ದೂರಕ್ಕೆ ಬಸ್ಸೋ ಟ್ರ್ಯಾಮೋ ಹತ್ತುವುದು. ಸುರಂಗದೊಳಗೇ ಪ್ರಯಾಣ ಮುಗಿಸಬೇಕೆಂಬ ಹಟ ಬೇಡ.

ಮೂರನೆಯದು, ಯಾವ ದಿಕ್ಕಿಗೆ. ನ್ಯೂಯಾರ್ಕಿನ ಸಬ್‌ವೇಯಲ್ಲಿ ಕೆಲವು ನಿಲ್ದಾಣಗಳಿಗೆ ಒಂದೇ ದಿಕ್ಕಿನ ಪ್ಲಾಟ್‌ಫಾರಂನಲ್ಲಿ ಲಿಫ್ಟ್ ಇದೆ. ಹೋಗುವಾಗ ಸಲೀಸಾಗಿ ಇಳಿದ ನಿಲ್ದಾಣ ಬರುವಾಗ ಕೈಕೊಡುವುದು ಇಲ್ಲೇ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಬೇರೆಬೇರೆಯಾಗಿ ನೋಡಿ.

ಗೂಗಲ್ ಮ್ಯಾಪ್ಸ್‌ನ ಸಾರಿಗೆ ಆಯ್ಕೆಗಳಲ್ಲಿ ಗಾಲಿಕುರ್ಚಿಗೆ ಹೊಂದುವ ದಾರಿ ಎಂಬುದೊಂದಿದೆ, ನಗರ ಸಾರಿಗೆಯ ದಾರಿ ತೋರಿಸುವ ಸಿಟಿಮ್ಯಾಪರ್ ಆ್ಯಪ್‌ನಲ್ಲಿ ಮೆಟ್ಟಿಲಿಲ್ಲದ ದಾರಿಯ ಆಯ್ಕೆ ಇದೆ. ಮೊದಲ ಕರಡಿಗೆ ಇವು ಸಾಕು. ಕೊನೆಯ ಮಾತು ಮಾತ್ರ ಆಯಾ ನಗರದ ಮೆಟ್ರೋ ಸಂಸ್ಥೆಯ ನಕ್ಷೆಯದೇ.

ಪ್ರಶ್ನೆ: ಲಿಫ್ಟ್ ಇದೆ ಎಂದು ಗೊತ್ತು, ಆದರೆ ಇಳಿದ ಮೇಲೆ ಸಿಗುವುದಿಲ್ಲ! ಎಲ್ಲಿ ಹುಡುಕಬೇಕು?

ಉತ್ತರ: ಇಳಿದ ಮೇಲೆ ಹುಡುಕುವುದೇ ತಪ್ಪು ಕ್ರಮ. ರೈಲು ಹತ್ತುವಾಗಲೇ ಬೋಗಿ ಆರಿಸಿಕೊಳ್ಳಬೇಕು. ಹತ್ತು ಬೋಗಿಯ ರೈಲು ಸುಮಾರು 200 ಮೀಟರ್ ಉದ್ದ. ತಪ್ಪು ತುದಿಯಲ್ಲಿ ಇಳಿದರೆ ಅಷ್ಟೂ ಉದ್ದ ಜನರ ನಡುವೆ ಲಗೇಜು ಎಳೆಯಬೇಕು.

ಟೋಕಿಯೋದ ಸುರಂಗ ರೈಲು ನಿಲ್ದಾಣಗಳಲ್ಲಿ, ಮುಂದಿನ ಪ್ರತಿ ನಿಲ್ದಾಣದಲ್ಲಿ ಎಷ್ಟನೇ ಬೋಗಿಯ ಎದುರು ಲಿಫ್ಟ್, ಎಸ್ಕಲೇಟರ್, ಮೆಟ್ಟಿಲು ಬರುತ್ತವೆ ಎಂದು ತೋರಿಸುವ ಪಟ್ಟಿಯನ್ನು ಪ್ಲಾಟ್‌ಫಾರಂನಲ್ಲೇ ಹಾಕಿರುತ್ತಾರೆ. ನಿಂತಲ್ಲೇ ಓದಿಕೊಂಡು ಸರಿಯಾದ ಬಾಗಿಲಿನ ಎದುರಿಗೆ ಹೋದರಾಯಿತು. ಇಂಥ ಪಟ್ಟಿ ಇಲ್ಲದ ಕಡೆ ನಿಲ್ದಾಣದ ಒಳನಕ್ಷೆ ತೆರೆದು, ಲಿಫ್ಟ್ ರೈಲಿನ ತಲೆಯ ಕಡೆಗಿದೆಯೋ ಬಾಲದ ಕಡೆಗೋ ನೋಡಿಕೊಳ್ಳಿ. ಎದುರು ದಿಕ್ಕಿನಿಂದ ಬಂದರೆ ಇದು ತಿರುಗುಮುರುಗು: ಆ ಕಡೆಯಿಂದ ಬಂದವರಿಗೆ ಮೊದಲ ಬೋಗಿಯಾದದ್ದು ಈ ಕಡೆಯಿಂದ ಬಂದವರಿಗೆ ಕೊನೆಯದು. ಒಳನಕ್ಷೆಯೂ ಇಲ್ಲವೇ? ನಡುವಿನ ಬೋಗಿ ಹತ್ತಿ. ಯಾವ ತುದಿಯಾದರೂ ಅರ್ಧ ದೂರವೇ ಆಗುತ್ತದೆ.

ಇನ್ನೊಂದು ಗೊಂದಲವಿದೆ. ರಸ್ತೆಯಿಂದ ಪ್ಲಾಟ್‌ಫಾರಂಗೆ ಒಂದೇ ಲಿಫ್ಟ್ ಇರುವುದು ಕಡಿಮೆ. ಸಾಮಾನ್ಯವಾಗಿ ರಸ್ತೆಯಿಂದ ಟಿಕೆಟ್ ಗೇಟಿನ ಹಂತಕ್ಕೆ ಒಂದು, ಗೇಟು ದಾಟಿದ ಮೇಲೆ ಅಲ್ಲಿಂದ ಪ್ಲಾಟ್‌ಫಾರಂಗೆ ಇನ್ನೊಂದು. ಟಿಕೆಟ್ ಇಲ್ಲದವರು ನೇರ ಪ್ಲಾಟ್‌ಫಾರಂಗೆ ಇಳಿಯಬಾರದೆಂದು ಹೀಗೆ ಕಟ್ಟುತ್ತಾರೆ. ಮೊದಲ ಲಿಫ್ಟಿನಿಂದ ಹೊರಬಂದು 'ಇದು ಎಲ್ಲಿಗೆ ಬಂದೆವು' ಎಂದು ವಾಪಸು ಹತ್ತುವವರು ಬಹಳ. ಎರಡೂ ಕಡೆ ಬಾಗಿಲಿರುವ ಲಿಫ್ಟುಗಳಲ್ಲಿ ಹತ್ತಿದ ಬಾಗಿಲು ಬೇರೆ, ಇಳಿಯುವ ಬಾಗಿಲು ಬೇರೆ. ಅಂಥ ಕಡೆ ಸೂಟ್‌ಕೇಸನ್ನು ಬೆನ್ನ ಹಿಂದೆ ಅಡ್ಡ ನಿಲ್ಲಿಸಿದರೆ ಹೊರಬರುವಾಗ ಅದೇ ತಡೆಗೋಡೆಯಾಗುತ್ತದೆ. ಎಂಟು ಜನರ ಲಿಫ್ಟಿನ ಒಳಗೆ ಸುಮಾರು 1.1 ಮೀಟರ್ ಅಗಲ, 1.4 ಮೀಟರ್ ಉದ್ದ ಜಾಗ ಇರುತ್ತದೆ. ಇಬ್ಬರು, ಎರಡು ದೊಡ್ಡ ಸೂಟ್‌ಕೇಸ್, ಎರಡು ಕೈಚೀಲಕ್ಕೆ ಅದು ಭರ್ತಿ. ಗಾಲಿಕುರ್ಚಿಯವರು ಕಾಯುತ್ತಿದ್ದರೆ ಅವರು ಮೊದಲು ಹೋಗಲಿ. ಅವರಿಗೆ ಬೇರೆ ದಾರಿಯೇ ಇಲ್ಲ.

ಪ್ರಶ್ನೆ: ಲಿಫ್ಟ್ ಕೆಟ್ಟು ನಿಂತಿದ್ದರೆ?

ಉತ್ತರ: ಹೊರಡುವ ಮೊದಲೇ ನೋಡಿಕೊಳ್ಳಿ. ಲಂಡನ್, ನ್ಯೂಯಾರ್ಕ್, ಪ್ಯಾರಿಸ್ ಮೂರೂ ಕಡೆ ಯಾವ ಲಿಫ್ಟ್ ಕೆಟ್ಟಿದೆ ಎಂಬುದನ್ನು ಮೆಟ್ರೋ ಸಂಸ್ಥೆಗಳು ಆನ್‌ಲೈನಿನಲ್ಲಿ ಹಾಕುತ್ತವೆ. ಅಂದಿನ ಬೆಳಗ್ಗೆ ಒಮ್ಮೆ, ವಿಮಾನ ಇಳಿದ ಮೇಲೆ ಇನ್ನೊಮ್ಮೆ ನೋಡಿ.

ಬಂದ ಮೇಲೆ ಗೊತ್ತಾದರೆ ಮೆಟ್ಟಿಲ ಬುಡದಲ್ಲಿ ನಿಂತು ಯೋಚಿಸುವ ಬದಲು ಮತ್ತೆ ರೈಲು ಹತ್ತಿ. ಅದೇ ದಿಕ್ಕಿನಲ್ಲಿ ಲಿಫ್ಟ್ ಇರುವ ಮುಂದಿನ ನಿಲ್ದಾಣಕ್ಕೆ ಹೋಗಿ, ಅಲ್ಲಿ ಎದುರು ರೈಲು ಹಿಡಿದು ವಾಪಸು ಬನ್ನಿ. ಈಗ ನೀವು ಇಳಿಯುವುದು ಆಚೆ ಪ್ಲಾಟ್‌ಫಾರಂನಲ್ಲಿ, ಅದರ ಲಿಫ್ಟ್ ಬೇರೆ. ಒಂದೇ ದಿಕ್ಕಿಗೆ ಲಿಫ್ಟ್ ಇರುವ ನಿಲ್ದಾಣಕ್ಕೂ ಇದೇ ಉಪಾಯ. ಹೀಗೆ ತಿರುಗಿ ಬರಲು ಎರಡು ಹಳಿಗಳ ನಡುವೆ ಒಂದೇ ಪ್ಲಾಟ್‌ಫಾರಂ ಇರುವ ನಿಲ್ದಾಣವನ್ನು ಆರಿಸಿ, ಅಲ್ಲಿ ಎದುರು ರೈಲಿಗೆ ಹೋಗಲು ಹತ್ತು ಹೆಜ್ಜೆ ಸಾಕು. ಆದರೆ ನೀವು ಇಳಿಯಬೇಕಾದ ನಿಲ್ದಾಣವೇ ಅಂಥದ್ದಾಗಿದ್ದು ಅದರ ಒಂದೇ ಲಿಫ್ಟ್ ಕೆಟ್ಟರೆ ಎರಡೂ ದಿಕ್ಕು ಬಂದ್. ಆಗ ತಿರುಗಿ ಬಂದೂ ಪ್ರಯೋಜನವಿಲ್ಲ, ಪಕ್ಕದ ನಿಲ್ದಾಣದಲ್ಲೇ ಮೇಲೆ ಬನ್ನಿ. ಆದ್ದರಿಂದ ಬದಲಿಸುವ ಪ್ರತಿ ನಿಲ್ದಾಣದ ಜೊತೆಗೆ, ಅದರ ಆಚೆ ಈಚೆ ಲಿಫ್ಟ್ ಇರುವ ಒಂದೊಂದು ನಿಲ್ದಾಣದ ಹೆಸರನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸುರಂಗದೊಳಗೆ ಫೋನಿಗೆ ಸಿಗ್ನಲ್ ಸಿಕ್ಕೀತೆಂಬ ಭರವಸೆ ಇಲ್ಲ.

ಪ್ರಶ್ನೆ: ಲಿಫ್ಟಿಗೆ ಕಾಯುವ ಬದಲು ಸೂಟ್‌ಕೇಸ್ ಸಮೇತ ಎಸ್ಕಲೇಟರ್ ಹತ್ತಿದರೆ ಏನಾಗುತ್ತದೆ?

ಉತ್ತರ: ಎಸ್ಕಲೇಟರ್ ಮೆಟ್ಟಿಲಿನ ಆಳ ಸುಮಾರು 40 ಸೆಂಟಿಮೀಟರ್, ಓರೆ ಸಾಮಾನ್ಯವಾಗಿ 30 ಡಿಗ್ರಿ. ತುಂಬಿದ ದೊಡ್ಡ ಸೂಟ್‌ಕೇಸ್ 30 ಸೆಂಟಿಮೀಟರ್ ದಪ್ಪ, 75 ಸೆಂಟಿಮೀಟರ್ ಎತ್ತರ. ನಾಲ್ಕೂ ಗಾಲಿ ಒಂದೇ ಮೆಟ್ಟಿಲ ಮೇಲೆ ಕೂರಬೇಕು, ತುದಿಗೆ ಸರಿಯಬಾರದು, ನಿಮ್ಮ ಕೈ ಜಾರಬಾರದು. ಇದರಲ್ಲಿ ಒಂದು ತಪ್ಪಿದರೂ 23 ಕಿಲೋ ಉರುಳುವುದು ನಿಮ್ಮ ಕೆಳಗೆ ನಿಂತವರ ಮೇಲೆ. ನಾಲ್ಕು ಗಾಲಿಯ ಸೂಟ್‌ಕೇಸ್ ಇಲ್ಲಿ ಹೆಚ್ಚು ಅಪಾಯ, ಅದು ತಾನಾಗಿಯೇ ಹೊರಳುತ್ತದೆ. ಕೊನೆಯಲ್ಲಿ ಮೆಟ್ಟಿಲು ಬಾಚಣಿಗೆಯಂಥ ಪಟ್ಟಿಯ ಕೆಳಗೆ ಸರಿಯುವ ಜಾಗದಲ್ಲಿ ಸಣ್ಣ ಗಾಲಿ ತಡೆದು ನಿಂತುಬಿಡುತ್ತದೆ. ಹಿಂದಿನವರು ನಿಲ್ಲುವಂತಿಲ್ಲ, ಎಸ್ಕಲೇಟರ್ ಅವರನ್ನು ತಂದು ನಿಮ್ಮ ಮೇಲೆ ಹಾಕುತ್ತದೆ.

ದೊಡ್ಡ ಸೂಟ್‌ಕೇಸಿಗೆ ಎಸ್ಕಲೇಟರ್ ಬೇಡವೇ ಬೇಡ. ಕ್ಯಾಬಿನ್ ಗಾತ್ರದ್ದಾದರೆ, ಹತ್ತುವಾಗಲೂ ಇಳಿಯುವಾಗಲೂ ಅದು ನಿಮಗಿಂತ ಮೇಲಿನ ಮೆಟ್ಟಿಲ ಮೇಲಿರಲಿ, ನೀವು ಕೆಳಗಿನದರ ಮೇಲೆ ನಿಂತು ಮೈಯಿಂದ ಒತ್ತಿ ಹಿಡಿಯಿರಿ. ಇನ್ನೊಂದು ಕೈ ಕಂಬಿಯ ಮೇಲೆ. ಕೊನೆ ಬರುವಾಗ ಗಾಲಿಗಳನ್ನು ಎರಡು ಬೆರಳಷ್ಟು ಎತ್ತಿ ಹೊರಗಿಡಿ. ಒಬ್ಬರಿಗೆ ಒಂದೇ ಚೀಲ. ಎರಡೂ ಕೈಯಲ್ಲಿ ಎರಡು ಹಿಡಿದವರು ಕಂಬಿ ಹಿಡಿಯುವುದೆಲ್ಲಿ?

ಪ್ರಶ್ನೆ: ಗೇಟಿನಲ್ಲಿ ಸೂಟ್‌ಕೇಸ್ ಸಿಕ್ಕಿಹಾಕಿಕೊಳ್ಳುತ್ತದೆ. ಉಪಾಯವೇನು?

ಉತ್ತರ: ಅಗಲ ಗೇಟು ಹಿಡಿಯಿರಿ, ಸಾಮಾನ್ಯವಾಗಿ ಸಾಲಿನ ಒಂದು ತುದಿಯಲ್ಲಿರುತ್ತದೆ. ಸೂಟ್‌ಕೇಸನ್ನು ಹಿಂದೆ ಎಳೆಯದೆ ಮುಂದೆ ತಳ್ಳಿ. ಸೆನ್ಸರಿಗೆ ನೀವು ದಾಟಿದ್ದೇ ಮುಖ್ಯ. ಹಿಂದೆ ಎಳೆದರೆ ನೀವು ಈಚೆ ಬಂದ ಕೂಡಲೇ ಬಾಗಿಲು ಮುಚ್ಚಿ ಲಗೇಜು ಆಚೆ ಉಳಿಯುತ್ತದೆ.

ಪ್ರಶ್ನೆ: ಎರಡು ಗಾಲಿಯದೋ ನಾಲ್ಕು ಗಾಲಿಯದೋ, ಯಾವುದು ಒಳ್ಳೆಯದು?

ಉತ್ತರ: ನುಣುಪು ನೆಲದ ಮೇಲೆ ನಾಲ್ಕು ಗಾಲಿಗೆ ಸಮನಿಲ್ಲ, ಬೆರಳಲ್ಲಿ ತಳ್ಳಿದರೆ ಸಾಕು. ಆದರೆ ಅದರ ಗಾಲಿ ಸಾಮಾನ್ಯವಾಗಿ ಐದು ಸೆಂಟಿಮೀಟರಿನ ಆಸುಪಾಸು. ಪ್ಲಾಟ್‌ಫಾರಂಗೂ ರೈಲಿಗೂ ನಡುವಿನ ಸಂದು ಅದಕ್ಕಿಂತ ಅಗಲವಾಗಿದ್ದರೆ, ಬಾಗಿಲು ಮುಚ್ಚುವ ಹೊತ್ತಿಗೆ ಗಾಲಿ ಸಂದಿನಲ್ಲಿರುತ್ತದೆ. ಅಂಧರಿಗಾಗಿ ಹಾಕಿದ ಗುಬ್ಬಿಗುಬ್ಬಿ ಹಳದಿ ಹಾಸಿನ ಮೇಲೂ ಅದು ಎಡವುತ್ತದೆ. ಎರಡು ಗಾಲಿಯದನ್ನು ಓರೆ ಮಾಡಿ ಎಳೆಯಬೇಕು, ತೋಳಿಗೆ ಭಾರ, ಆದರೆ ಗಾಲಿ ದೊಡ್ಡದಿದ್ದರೆ ಸಂದು ದಾಟುತ್ತದೆ. ಹಳೆಯ ನಿಲ್ದಾಣಗಳ ಊರಿಗೆ ಎರಡು ಗಾಲಿಯದೇ ಸರಿ ಎನ್ನುತ್ತೇವೆ. ಯಾವುದಾದರೂ ಸಂದನ್ನು ನೇರವಾಗಿ ದಾಟಿಸಿ. ಓರೆಯಾಗಿ ಹೋದರೆ ಒಂದು ಗಾಲಿ ಮೊದಲು ಇಳಿದು ಸೂಟ್‌ಕೇಸ್ ತಿರುಗಿಕೊಳ್ಳುತ್ತದೆ.

ರೈಲಿನೊಳಗೆ ನಾಲ್ಕು ಗಾಲಿಯದನ್ನು ಮಲಗಿಸಿ ಇಲ್ಲವೇ ಮಂಡಿಗಳ ನಡುವೆ ಹಿಡಿಯಿರಿ. ಬ್ರೇಕ್ ಬಿದ್ದರೆ ಅದು ಬೋಗಿಯ ಆ ತುದಿ ಮುಟ್ಟಿ ಬರುತ್ತದೆ.

ಪ್ರಶ್ನೆ: ದೊಡ್ಡ ಲಗೇಜನ್ನು ಬೇರೆ ಕಳಿಸಿ ನಾವು ಬರಿಗೈಯಲ್ಲಿ ಹೋಗುವ ದಾರಿ ಇಲ್ಲವೇ?

ಉತ್ತರ: ಜಪಾನಿನಲ್ಲಿ ಇದು ದಿನನಿತ್ಯದ ವ್ಯವಸ್ಥೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಹೋಟೆಲಿಗೆ ಬರುತ್ತದೆ; ಒಂದು ರಾತ್ರಿಯ ಬಟ್ಟೆ, ಔಷಧಿ ಕೈಚೀಲದಲ್ಲಿರಲಿ. ನಗರದ ರೈಲಿನಿಂದ ಟೋಕಾಯ್ಡೋ, ಸಾನ್ಯೋ, ಕ್ಯೂಶೂ ಲೈನುಗಳ ಶಿಂಕಾನ್ಸೆನ್‌ಗೆ, ಅಂದರೆ ಅತಿವೇಗದ ರೈಲಿಗೆ, ಬದಲಿಸುವವರಿಗೆ ಇನ್ನೊಂದು ಮಾತು: 2020ರ ಮೇ ತಿಂಗಳಿನಿಂದ, ಉದ್ದ ಅಗಲ ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದ ಲಗೇಜಿಗೆ ಅದಕ್ಕೆಂದೇ ಇರುವ ಸೀಟನ್ನು ಮೊದಲೇ ಕಾದಿರಿಸಬೇಕು, 250 ಮೀರಿದರೆ ಒಳಗೆ ಬಿಡುವುದಿಲ್ಲ. ಟೇಪು ಹಿಡಿದು ಮೊದಲೇ ಅಳೆದುಕೊಳ್ಳಿ.